ಬಿಸಿನೀರು

ಮತ್ತಿತಿಟ್ಟಿನಲ್ಲಿ ಈಗ ಮತ್ತಿ ಮರ ಒಂಬತ್ತೇ.
ಎಂಟು ಅಂದಿದ್ದ ಗಾರ್ಡ್ ಸಿದ್ದಲಿಂಗು;
ಹೊಳೆಗೆ ಬಾಗಿ ನಿಂತ ಇನ್ನೊಂದು
ಹರಿಗೋಲಿನಲ್ಲಿ ಬರುವವರಿಗೆ ಮಾತ್ರ ಕಾಣುತ್ತದೆ.
ಉಳಿದದ್ದೆಲ್ಲ ಸುಬಾಬುಲ್.

ಬೆಳಿಗ್ಗೆ ಏಳಕ್ಕೆ ಶ್ರೀರಂಗಪಟ್ಟಣದ ಕೆಳಗಿಂದ ಹೊರಡುತ್ತೇವೆ,
ಐದು ಹೆಂಗಸರು, ಐದು ಮಚ್ಚು, ಒಂದು ಕುಕ್ಕೆ ಬುತ್ತಿ.
ಚಲುವರಾಯಿ ಹುಟ್ಟು ಹಾಕುತ್ತ ದಿನಾ ಅದೇ ಮಾತು:
"ಬಲಕ್ಕೆ ವಾಲಬೇಡಿ ಕಣ್ರವ್ವ,
ಮೊಸಳೆ ಇನ್ನೂ ನಾಷ್ಟಾ ಮಾಡಿಲ್ಲ."

ಕಡಿಯುವ ಹಾಗಿಲ್ಲ. ಕಡಿದ ಮರ
ಒಂದಕ್ಕೆ ಏಳಾಗಿ ಎದ್ದು ಬರುತ್ತದೆ;
ಮೊದಲ ವರ್ಷ ಕಡಿದೇ ಕಲಿತೆವು.
ಈಗ ಸೊಂಟದಿಂದ ಪಾದದವರೆಗೆ ಸುತ್ತಲೂ ತೊಗಟೆ ಸುಲಿಯುತ್ತೇವೆ.
ಒಳಗಿನ ಬಿಳಿ ಮೈ ಒದ್ದೆ, ತಣ್ಣಗೆ,
ನೀರೆರೆದು ಇನ್ನೂ ಒರೆಸದ ಕೂಸಿನ ಬೆನ್ನಿನ ಹಾಗೆ.
ಬೇರಿನ ನೀರು ಮೇಲೆ ಹೋಗುತ್ತದೆ,
ಎಲೆ ಬೇಯಿಸಿದ ಅನ್ನ ಕೆಳಗಿಳಿಯುವುದಿಲ್ಲ.
ಮರಕ್ಕೆ ಇದು ಗೊತ್ತಾಗಲು ಎಂಟು ತಿಂಗಳು.
ಅಷ್ಟರಲ್ಲಿ ಮತ್ತೊಂದು ಸಲ ಹೂ ಬಿಟ್ಟಿರುತ್ತದೆ.

ಆಗ ನನಗೆ ಹದಿನಾರು. ನರ್ಸರಿಯಲ್ಲಿ
ದಿನಕ್ಕೆ ಆರು ರೂಪಾಯಿ ಕೂಲಿ.
ಸಾಹೇಬರು ಚೀಲ ಬಿಚ್ಚಿ, ಬೀಜ ಅಂಗೈಗೆ ಹಾಕಿ,
ಇದು ಮೇವು, ಇದೇ ಗೊಬ್ಬರ, ಇದೇ ಸೌದೆ ಎಂದರು.
ಬೀಜದ ಸಿಪ್ಪೆ ಗಟ್ಟಿ; ಹಾಗೇ ಊರಿದರೆ ಏಳದು.
ನೀರು ಕಾಯಿಸಿ, ಕುದಿ ಬರುವ ಮೊದಲೇ ಇಳಿಸಿ,
ಬೆರಳದ್ದಿ ನೋಡಿ ಸುರಿಯಬೇಕು.
ಆ ಬೆರಳಿನ ಅಳತೆ ನನ್ನದು. ಅದಕ್ಕೆ ಮೆಚ್ಚಿ
ಒಂದು ಶನಿವಾರ ಎಂಟಾಣೆ ಹೆಚ್ಚು ಕೊಟ್ಟರು.

ತಲೆಯ ಮೇಲೆ ಮಂಕರಿ, ಮಂಕರಿಯಲ್ಲಿ ನಲವತ್ತು ಪ್ಲಾಸ್ಟಿಕ್ ಚೀಲ,
ಈ ತಿಟ್ಟಿಗೆ ಮೊದಲ ಸಸಿ ತಂದವರಲ್ಲಿ ನಾನೂ ಒಬ್ಬಳು.
ಮಡಿವಾಳರ ಹೊನ್ನಯ್ಯನ ಕತ್ತೆ
ಆ ಎಳೆ ಸೊಪ್ಪು ಮೇದು ಮೇದು
ಬಾಲದ ಕೂದಲೆಲ್ಲ ಉದುರಿ ನಿಂತಾಗ
ಊರು ನಕ್ಕಿತು. ಯಾರೂ ಬರೆದುಕೊಳ್ಳಲಿಲ್ಲ.

ಮೊನ್ನೆ ನಾಜಿಯಾಗೆ ಹೇಳಿದೆ. ಮೈಸೂರಿಂದ ಬರುವ ಹುಡುಗಿ,
ದಾರದ ಚೌಕ ನೆಲಕ್ಕಿಟ್ಟು ಮೊಳಕೆ ಎಣಿಸುತ್ತಾಳೆ.
ಒಂದು ಚೌಕದಲ್ಲಿ ನೂರಾ ನಲವತ್ತು.
"ಮಣ್ಣೊಳಗಿನ ಬೀಜ ಇನ್ನೂ ಎಷ್ಟೋ ವರ್ಷ ಕಾಯುತ್ತೆ ಅಮ್ಮಾ."
ಬೈಗುಳಕ್ಕೆ ಕಾದಿದ್ದೆ ನಾನು. ಅವಳು
ಕತ್ತೆಯ ಬಾಲವನ್ನು ಪುಸ್ತಕದಲ್ಲಿ ಬರೆದುಕೊಂಡಳು,
ಯಾವ ವರ್ಷ ಎಂದು ಎರಡು ಸಲ ಕೇಳಿ.

ಇನ್ನೂರ ಹನ್ನೆರಡನೇ ಮರಕ್ಕೆ ಕೆಂಪು ಬಣ್ಣ ಬಳಿದಾಗಿತ್ತು.
ಮಚ್ಚೆತ್ತಿದೆ; ತೋಳ ಮೇಲೆ ಬಿಳಿ ಹಿಕ್ಕೆ ಬಿತ್ತು.
ನೀರುಕಾಗೆ ಜೋಡಿ, ಕಡ್ಡಿಯ ಗೂಡು, ಬೋಳು ಕತ್ತಿನ ಮೂರು ಮರಿ.
ಮತ್ತಿ ಇಲ್ಲದ ಮೇಲೆ ಅವು ಇನ್ನೆಲ್ಲಿ ಕಟ್ಟಬೇಕು?
ಸಿದ್ದಲಿಂಗು ತಲೆ ಕೆರೆದುಕೊಂಡ. ಹಾರುವ ತನಕ ಬಿಡಿ ಅಂದ.
ಅಷ್ಟೊತ್ತಿಗೆ ಕಾಯಿ ಒಣಗಿ ಬಾಯಿ ಬಿಡುತ್ತವೆ,
ಕನ್ನಂಬಾಡಿಯಿಂದ ನೀರು ಬಿಟ್ಟರೆ ಮುಗಿಯಿತು,
ಕೆಳಗಿನ ತಿಟ್ಟುಗಳಿಗೆಲ್ಲ ಹಂಚಿ ಬರುತ್ತದೆ ಹೊಳೆ.

ದೋಟಿ ತಂದೆ. ಗೂಡು ಅಲುಗದಂತೆ
ಒಂದೊಂದೇ ಗೊಂಚಲು ತಿರುಚಿ ಮಡಿಲಿಗೆ ಇಳಿಸಿದೆ.
ತಾಯಿಹಕ್ಕಿ ಕರಕರ ಅನ್ನುತ್ತಲೇ ಇತ್ತು.
ಬಯ್ಯವ್ವ, ಅಂದೆ, ನಿನಗಾದರೂ ಬಾಯಿದೆ.

ರಾತ್ರಿ ಒಲೆಯ ಮೇಲೆ ಹಳೆ ಪಾತ್ರೆ. ಬೀಜ ಸುರಿದೆ.
ನೀರು ಬಿಸಿಯಾಗುತ್ತ ಬಂತು. ತಿಳಿಯದೆ ಬೆರಳದ್ದಿದೆ.
ಅದೇ ಅಳತೆ, ನಲವತ್ತು ವರ್ಷವಾದರೂ ಮರೆತಿಲ್ಲ.
ಈಗ ಇಳಿಸಿದರೆ ಎಲ್ಲ ಏಳುತ್ತವೆ.

ಸೌದೆಯನ್ನು ಇನ್ನಷ್ಟು ಒಳಕ್ಕೆ ನೂಕಿದೆ.
ಅದೂ ಸುಬಾಬುಲ್ಲೇ. ಚೆನ್ನಾಗಿ ಉರಿಯುತ್ತದೆ.
ಸಾಹೇಬರು ಸುಳ್ಳೇನೂ ಹೇಳಿರಲಿಲ್ಲ.